ಗೆಲ್ಲೋದು ಯಾವಾಗಲೂ ಗ್ಯಾಮಾದವರೇ

ಪಿಯರ್ಸ್ ಬ್ರೌನ್ ಬರೆದ 'ರೆಡ್ ರೈಸಿಂಗ್' (2014) ಕಾದಂಬರಿಯನ್ನು ಎಲ್ಲರೂ ಸೇಡಿನ ಕಥೆ ಅಂತಲೇ ಹೊಗಳ್ತಾರೆ. ಸೇಡು ಇದೆ, ಧಾರಾಳವಾಗಿದೆ. ಆದರೆ ನನ್ನ ತಲೆ ಕೊರೆದದ್ದು ಶುರುವಿನಲ್ಲೇ ಬರುವ ಒಂದು ಬಹುಮಾನ. (ಕಥೆ ಪೂರ್ತಿ ಬಿಟ್ಟುಕೊಡ್ತಿದ್ದೀನಿ. ಕಾದಂಬರಿ ಓದಬೇಕು ಅಂತಿರೋರು ಇಲ್ಲಿಗೇ ನಿಲ್ಲಿಸಿ.)

ಮಂಗಳ ಗ್ರಹದ ನೆಲದಾಳದಲ್ಲಿ 'ರೆಡ್'ಗಳು ಹೀಲಿಯಂ-3 ಅಗೆಯುತ್ತಾರೆ. ಮೇಲೆ ಬರೀ ಬರಡು, ನೀವು ದುಡಿದರೆ ಮುಂದೊಂದು ದಿನ ಅಲ್ಲಿ ಮನುಷ್ಯರು ಬಾಳಬಹುದು, ನೀವೇ ತ್ಯಾಗಿಗಳು ಅಂತ ಅವರನ್ನು ನಂಬಿಸಲಾಗಿದೆ. ನಿಜವಾಗಿ ಮೇಲೆ ತಲೆಮಾರುಗಳಿಂದ ನಗರಗಳಿವೆ, 'ಗೋಲ್ಡ್'ಗಳು ಆಳುತ್ತಿದ್ದಾರೆ. ಒಟ್ಟು ಹದಿನಾಲ್ಕು ಬಣ್ಣ. ಹುಟ್ಟಿದ ಬಣ್ಣವೇ ಕಸುಬು. ಇದನ್ನು ನಮ್ಮ ದೇಶದ ಓದುಗರಿಗೆ ಬಿಡಿಸಿ ಹೇಳೋದೇನೂ ಬೇಡ.

ಬಹುಮಾನದ ಹೆಸರು 'ಲಾರೆಲ್'. ಹೆಚ್ಚು ಅಗೆದ ಪಂಗಡಕ್ಕೆ ಹೆಚ್ಚು ರೇಷನ್ನು. ನಾಯಕ ಡ್ಯಾರೋ ಲ್ಯಾಂಬ್ಡಾ ಪಂಗಡದವನು, ಹದಿನಾರರ ಹುಡುಗ. ಜೀವ ಪಣಕ್ಕಿಟ್ಟು ಈ ಸಲ ಗ್ಯಾಮಾ ಪಂಗಡದವರಿಗಿಂತ ಜಾಸ್ತಿ ಅಗೆಯುತ್ತಾನೆ. ಲಾರೆಲ್ ಮಾತ್ರ ಎಂದಿನಂತೆ ಗ್ಯಾಮಾಕ್ಕೇ. ಇದು ಲೆಕ್ಕದ ತಪ್ಪಲ್ಲ, ಏರ್ಪಾಡೇ ಹಾಗೆ. ಒಂದು ಮನೆಯವರು ಹೊಟ್ಟೆತುಂಬ ಉಣ್ಣುತ್ತಿದ್ದರೆ ಪಕ್ಕದ ಮನೆಯವರ ಸಿಟ್ಟು ಅವರ ಮೇಲೇ ತಿರುಗುತ್ತದೆ, ಮೇಲಿನವರ ಕಡೆ ತಲೆ ಎತ್ತಿ ನೋಡೋದಕ್ಕೆ ಪುರುಸೊತ್ತೇ ಇರೋದಿಲ್ಲ. ಸೈನ್ಯಕ್ಕಿಂತ ಅಗ್ಗದ ಕಾವಲು.

ಆಮೇಲೆ ನಿಷೇಧಿತ ಹಾಡು ಹಾಡಿದ್ದಕ್ಕೆ ಅವನ ಹೆಂಡತಿ ಈಯೋಳನ್ನು ಗಲ್ಲಿಗೇರಿಸುತ್ತಾರೆ. ಮಂಗಳದಲ್ಲಿ ಗುರುತ್ವ ಕಡಿಮೆ, ಕುಣಿಕೆಗೆ ಬಿದ್ದ ಕೂಡಲೇ ಕತ್ತು ಮುರಿಯೋದಿಲ್ಲ. ಕಾಲು ಹಿಡಿದು ಎಳೆಯೋ ಕೆಲಸ ಮನೆಯವರದ್ದು. ಎಳೆಯುವವನು ಗಂಡನೇ. ಆ ಪುಟ ಓದಿ ಪುಸ್ತಕ ಮುಚ್ಚಿಟ್ಟು ಎದ್ದುಹೋಗಿದ್ದೆ.

ಅಲ್ಲಿಂದ ಮುಂದೆ ನನ್ನ ತಕರಾರಿದೆ. ಸೇಡಿಗಾಗಿ ಬಂಡುಕೋರರು ಡ್ಯಾರೋನ ಮೂಳೆ, ಕಣ್ಣು, ಕೂದಲು ಎಲ್ಲ ಬದಲಿಸಿ ಗೋಲ್ಡ್ ಮಾಡುತ್ತಾರೆ. ಅಲ್ಲಿಂದಾಚೆ ಎತ್ತರ, ಅಂದ, ಕತ್ತಿವರಸೆ, ಇದೇ ಧ್ಯಾನ. ಗಣಿಯ ಮೈಯಿಂದ ಸೇಡು ಸಾಧ್ಯವೇ ಇಲ್ಲ ಅಂತ ಲೇಖಕರೇ ಒಪ್ಪಿಕೊಂಡ ಹಾಗಾಯ್ತು. ಈಯೋ ಕೇಳಿದ್ದಾದರೂ ಬಿಡುಗಡೆಯನ್ನು, ರಕ್ತವನ್ನಲ್ಲ. ಅವಳನ್ನು ಕೊಂದು ಗಂಡನಿಗೆ ಕಿಚ್ಚು ಹತ್ತಿಸೋದು ನಮ್ಮ ಸಿನಿಮಾದವರೂ ಅರೆದು ಕುಡಿದ ಸೂತ್ರ.

ಬ್ರೌನ್ ಇದನ್ನು ತಡವಾಗಿಯಾದರೂ ಸರಿಮಾಡಿದರು ಅಂತ ನನಗನ್ನಿಸಿದ್ದು ನಾಲ್ಕನೇ ಪುಸ್ತಕ 'ಐರನ್ ಗೋಲ್ಡ್'ನಲ್ಲಿ (2018). ಹೊಸ ಗಣರಾಜ್ಯ ಬಂದಿದೆ, ರೆಡ್‌ಗಳು ಗಣಿಯಿಂದ ಮೇಲೆ ಬಂದಿದ್ದಾರೆ. ಬಂದವರ ಪಾಲಿಗೆ ಸಿಕ್ಕಿದ್ದು ಕೆಸರು ತುಂಬಿದ ಶಿಬಿರ. ಅಲ್ಲಿರುವ ಲೈರಿಯಾ ಅನ್ನೋ ಹುಡುಗಿ ಗ್ಯಾಮಾ ಪಂಗಡದವಳು. ಅವಳ ಶಿಬಿರಕ್ಕೆ ನುಗ್ಗಿ ಮನೆಯವರನ್ನು ಕೊಲ್ಲೋದು ಗೋಲ್ಡ್‌ಗಳಲ್ಲ, 'ರೆಡ್ ಹ್ಯಾಂಡ್' ಅಂತ ಕರೆದುಕೊಳ್ಳೋ ರೆಡ್‌ಗಳೇ. ಕಾರಣ? ಹಿಂದೆ ಲಾರೆಲ್ ತಿಂದವರು ಇವರು ಅನ್ನೋದು.