ಸದ್ದು ಮಾಡ್ಕೊಂಡು ಹೋಗ್ರಪ್ಪಾ

ರಾತ್ರಿ ಊಟ ಮುಗಿಸಿ ಮಗನೂ ನಾನೂ ಅಮೆರಿಕದ ಅಲಾಸ್ಕಾ ರಾಜ್ಯದ ಬೇಟೆ ವಿಡಿಯೊ ನೋಡುತ್ತೇವೆ. ಎರಡು ವರ್ಷದಿಂದ ಇದು ನಡೆದುಕೊಂಡು ಬಂದಿದೆ. ಒಂದು ಪುಟ್ಟ ವಿಮಾನ ನದಿ ಪಕ್ಕದ ಕಲ್ಲುಮರಳಿನ ಮೇಲೆ ಇಬ್ಬರನ್ನು ಇಳಿಸಿ ಹಾರಿಹೋಗುತ್ತದೆ. ಮತ್ತೆ ಬರುವುದು ಹತ್ತು ದಿನ ಬಿಟ್ಟು. ಅಲ್ಲಿಂದ ಮುಂದೆ ಮಳೆ, ಚಳಿ, ಒದ್ದೆ ಸೌದೆ, ಬೇಟೆ, ಕರಡಿ. ನಮ್ಮ ಕರ್ನಾಟಕದಂಥ ಸುಮಾರು 9 ರಾಜ್ಯ ಹಿಡಿಸುವಷ್ಟು ದೊಡ್ಡ ನೆಲ ಅದು. ಜನ ಮಾತ್ರ ಏಳೂವರೆ ಲಕ್ಷದೊಳಗೆ. ಕಂದು ಕರಡಿಗಳೇ ಸುಮಾರು 30,000 ಇವೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಂತು ನಿಂತು ಮನೆಗೆ ಬಂದವನಿಗೆ ಆ ಖಾಲಿ ಬಯಲು ನೋಡಿದರೇ ಎದೆ ಹಗುರಾಗುತ್ತದೆ.

ಕಳೆದ ತಿಂಗಳು ಮಗ ಬಂದು, "ಅಪ್ಪಾ, ಶನಿವಾರ ರಾತ್ರಿ ಹೊರಟು ಸಾವನದುರ್ಗದ ಕಡೆ ಹೋಗ್ತಿದೀವಿ. ನಾಲ್ಕು ಗಂಟೆಗೆ ಹತ್ತೋಕೆ ಶುರು ಮಾಡಿದ್ರೆ ಮೇಲೆ ಸೂರ್ಯೋದಯ ಸಿಗುತ್ತೆ" ಅಂದ. ಕರಡಿ ಇರುತ್ತವಲ್ಲೋ ಅಂದೆ. "ಅಲ್ಲಿ ಯಾವ ಕರಡಿ ಅಪ್ಪಾ?" ಅಂತ ಕೇಳಿದ. ಎರಡು ವರ್ಷ ನನ್ನ ಪಕ್ಕ ಕೂತು ಕರಡಿ ನೋಡಿದ ಹುಡುಗ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಂಗಳೂರಿನವರಿಗೆ ಕರಡಿ ಸೀಮೆಗೆ ಹೋಗಲು ವಿಮಾನ ಬೇಕಿಲ್ಲ. ಸಾವನದುರ್ಗ, ರಾಮನಗರದ ಬೆಟ್ಟಗಳು, ದೇವರಾಯನದುರ್ಗ, ಬನ್ನೇರುಘಟ್ಟ, ಎಲ್ಲ ಕಡೆಯೂ ಕರಡಿಗಳಿವೆ. ಬೈಕಿನಲ್ಲಿ ಹೊರಟರೆ ಒಂದೆರಡು ಗಂಟೆ ಅಷ್ಟೇ. ನಮ್ಮ ಕರಡಿಗೆ ಬೇಕಾದದ್ದು ಗೆದ್ದಲು, ಇರುವೆ, ಜೇನು, ಹಣ್ಣು. ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಅದಕ್ಕೆ ಇರುವುದೇ ಇಲ್ಲ. ಆ ಸಂದಿಯಿಂದಲೇ ಹುತ್ತದೊಳಗಿನ ಗೆದ್ದಲನ್ನು ಹೀರುತ್ತದೆ. ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಬಿಸಿಲಿರುವಾಗ ಬಂಡೆಗಳ ಸಂದಿಯಲ್ಲಿ ಮಲಗಿ, ಸಂಜೆ ಇಳಿದ ಮೇಲೆ ಹೊರಗೆ ಬರುತ್ತದೆ. ಬೆಳಗಿನ ಜಾವ ನಾಲ್ಕು ಗಂಟೆ ಅಂದರೆ ಅದು ಹೊಟ್ಟೆ ತುಂಬಿಸಿಕೊಂಡು ಗವಿಗೆ ವಾಪಸ್ ಬರುವ ಹೊತ್ತು. ನಮ್ಮ ಹುಡುಗರು ಹತ್ತುವ ದಾರಿಯೂ ಅದೇ.

ಇಷ್ಟು ಗಟ್ಟಿಯಾಗಿ ಹೇಳಲು ನನಗೊಂದು ಕಾರಣ ಇದೆ. ನಮ್ಮೂರು ಮಧುಗಿರಿ ತಾಲ್ಲೂಕಿನಲ್ಲಿ, ಬೆಟ್ಟದ ಬುಡದಲ್ಲಿ. ಹದಿನಾಲ್ಕು ವರ್ಷದ ಹಿಂದೆ ದೊಡ್ಡಪ್ಪ ಕಡಲೆಕಾಯಿ ಹೊಲಕ್ಕೆ ನೀರು ಹಾಯಿಸಲು ಹೋಗಿದ್ದರು. ತ್ರೀ ಫೇಸ್ ಕರೆಂಟ್ ಬಂದದ್ದು ರಾತ್ರಿ ಎರಡು ಗಂಟೆಗೆ. ಯಾವತ್ತೂ ಕೆಮ್ಮುತ್ತಾ, ಕೋಲು ಕುಟ್ಟುತ್ತಾ ಹೋಗುವ ಮನುಷ್ಯ. ಅವತ್ತು ಕರೆಂಟ್ ಹೋಗಿಬಿಟ್ಟೀತು ಅನ್ನುವ ಅವಸರ. ಕೋಲು ಮನೆಯಲ್ಲೇ ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಒದ್ದೆ ಬದುವಿನ ಮೇಲೆ ನಡೆದರು. ಬದುವಿನ ಕೊನೆಗೊಂದು ಹುತ್ತ. ಕರಡಿ ಅದಕ್ಕೆ ಮೂತಿ ಇಟ್ಟು ಊದುತ್ತಾ ಹೀರುತ್ತಾ ಇತ್ತು. ಅದರ ಸದ್ದೇ ಅದಕ್ಕೆ ದೊಡ್ಡದು, ಇವರು ಬಂದದ್ದು ಕೇಳಲೇ ಇಲ್ಲ. ತಲೆ ಎತ್ತಿದಾಗ ಇಬ್ಬರ ನಡುವೆ ನಾಲ್ಕು ಮಾರು ಜಾಗವೂ ಇರಲಿಲ್ಲ.

ಬಲಗಣ್ಣು ಹೋಯಿತು. ಕೆನ್ನೆ ಹರಿಯಿತು. ಮೊದಲು ಕರೆದೊಯ್ದ ಆಸ್ಪತ್ರೆಯಲ್ಲಿ ನಮ್ಮಿಂದ ಆಗಲ್ಲ ಅಂದರು. ಬೆಂಗಳೂರು ಮುಟ್ಟುವಷ್ಟರಲ್ಲಿ ಬೆಳಗಾಗಿತ್ತು. ಉಳಿದರು. ಇವತ್ತಿಗೂ ಮದುವೆ ಮನೆಗೆ ಹೋದರೆ ಟವಲ್ ಅನ್ನು ಮುಖದ ಅರ್ಧಕ್ಕೆ ಎಳೆದುಕೊಂಡು ಕೂರುತ್ತಾರೆ. ಆಸ್ಪತ್ರೆಯಲ್ಲಿ ನಾನು ಸಿಟ್ಟಿನಲ್ಲಿ ಕರಡಿಯನ್ನು ಬೈದಾಗ ಅವರು ಹೇಳಿದ್ದು ಇಷ್ಟೇ. "ಅದ್ರುದ್ದೇನೂ ತಪ್ಪಿಲ್ಲ ಕಣಪ್ಪ. ನಾನು ಸದ್ದು ಮಾಡ್ದೆ ಹೋದೆ."

ಅಲಾಸ್ಕಾದ ವಿಡಿಯೊ ನೋಡುವಾಗ ನನಗೆ ಈ ಮಾತು ಮತ್ತೆ ಮತ್ತೆ ನೆನಪಾಗುತ್ತದೆ. ಅಲ್ಲಿ ಪಳಗಿದವರು ಕಾಡಲ್ಲಿ ಸುಮ್ನೆ ನಡೆಯುವುದಿಲ್ಲ. ಪೊದೆ ದಟ್ಟವಾದ ಕಡೆ, ದಾರಿ ತಿರುಗುವ ಕಡೆ ಕೂಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಮಲಗುವ ಟೆಂಟ್ ಒಂದು ಕಡೆ. ಅಡುಗೆ ಮಾಡುವುದು ಅಲ್ಲಿಂದ ಸುಮಾರು 100 ಮೀಟರ್ ದೂರದಲ್ಲಿ. ಊಟದ ಸಾಮಾನು ಕರಡಿಗೆ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲಿ. ಇದೆಲ್ಲ ವಿಡಿಯೊದಲ್ಲಿ ಅರ್ಧ ನಿಮಿಷ ಬಂದು ಹೋಗುತ್ತದೆ. ನಮ್ಮ ಕಣ್ಣು ಬಂದೂಕಿನ ಮೇಲೆ ಇರುತ್ತದೆ, ಅಲ್ವಾ?

ಬೇಟೆಗಾರನ ಕಷ್ಟವೇ ಬೇರೆ. ಅವನು ಸದ್ದು ಮಾಡುವಂತಿಲ್ಲ. ತನ್ನ ವಾಸನೆ ಪ್ರಾಣಿಗೆ ಸಿಗದ ಹಾಗೆ ಗಾಳಿಗೆ ಎದುರಾಗಿ ನಡೆಯಬೇಕು. ಮುಂಜಾನೆ ಮತ್ತು ಮುಸ್ಸಂಜೆಯಲ್ಲೇ ತಿರುಗಬೇಕು. ಕರಡಿ ಸೀಮೆಯಲ್ಲಿ ಏನೇನು ಮಾಡಬಾರದೋ ಅದೆಲ್ಲ ಬೇಟೆಗೆ ಬೇಕೇ ಬೇಕು. ಬೇಟೆ ಬಿದ್ದ ಮೇಲಂತೂ ಇನ್ನೂ ಕಷ್ಟ. ಮೂಸ್ ಅಂತ ಒಂದು ಜಿಂಕೆ ಜಾತಿಯ ಪ್ರಾಣಿ ಇದೆ, ಕುದುರೆಗಿಂತ ಎತ್ತರ. ದೊಡ್ಡ ಗಂಡಿನ ಮಾಂಸವೇ 200 ಕಿಲೊ ದಾಟುತ್ತದೆ. ಮಾಂಸ ಅಲ್ಲೇ ಬಿಟ್ಟು ಕೊಂಬು ಮಾತ್ರ ತಂದರೆ ಅಲ್ಲಿನ ಕಾನೂನಿನಲ್ಲಿ ಅಪರಾಧ. ಹಾಗಾಗಿ ಕಡಿದು, ಬೆನ್ನಿಗೆ ಕಟ್ಟಿಕೊಂಡು, ರಕ್ತದ ವಾಸನೆ ಹೊತ್ತು ಎಷ್ಟೋ ಸಲ ಅದೇ ಪೊದೆಗಳ ನಡುವೆ ಓಡಾಡಬೇಕು. ಕಂದು ಕರಡಿಯ ಬೇಟೆಗೆ ಹೋಗುವ ಅಮೆರಿಕದ ಬೇರೆ ರಾಜ್ಯದವರ ಜೊತೆ ಲೈಸೆನ್ಸ್ ಇರುವ ಗೈಡ್ ಅಥವಾ ಅಲ್ಲೇ ನೆಲೆಸಿದ ಹತ್ತಿರದ ನೆಂಟ ಇರಲೇಬೇಕು. ಅವರ ಬೇಟೆ ಬಗ್ಗೆ ನನಗೆ ಒಲವಿಲ್ಲ. ಆದರೆ ಆ ಶಿಸ್ತಿನ ಬಗ್ಗೆ ಗೌರವ ಇದೆ.

ಅಲಾಸ್ಕಾದ ಕಾಡಿಗೆ ಒಬ್ಬನೇ ಹೋದ ಕ್ರಿಸ್ ಮೆಕ್ಯಾಂಡ್‌ಲೆಸ್ ಅನ್ನುವ ಅಮೆರಿಕದ ಹುಡುಗನನ್ನೂ ಮಗನಿಗೆ ನೆನಪಿಸಿದೆ. 1992ರಲ್ಲಿ ಅವನೂ ಒಂದು ಮೂಸ್ ಹೊಡೆದ. ಮಾಂಸ ಕೆಡದಂತೆ ಇಡಲು ಬರಲಿಲ್ಲ, ಹುಳ ಬಿತ್ತು. ಆ ಬೇಸಿಗೆಯಲ್ಲೇ ಹಾಳುಬಿದ್ದ ಬಸ್ಸೊಂದರಲ್ಲಿ ಅನ್ನ ಆಹಾರ ಇಲ್ಲದೆ ಸೊರಗಿ ಸತ್ತ. ಇನ್ನೂ 24 ವರ್ಷ. ಆ ಬಸ್ ನೋಡಲು ಹೋದವರೂ ನದಿಗೆ ಸಿಕ್ಕಿ ಸಾಯತೊಡಗಿದರು. ಕೊನೆಗೆ 2020ರಲ್ಲಿ ಹೆಲಿಕಾಪ್ಟರ್ ತಂದು ಬಸ್ಸನ್ನೇ ಎತ್ತಿಕೊಂಡು ಹೋದರು.

ನಮ್ಮೂರಿನ ವಾಟ್ಸಾಪ್ ಗ್ರೂಪಿನಲ್ಲಿ ಕರಡಿ ದಾಳಿಯ ಸುದ್ದಿ ಬಂದಾಗಲೆಲ್ಲ ಯಾರಾದರೂ ಬರೆಯುತ್ತಾರೆ, ಬಂದೂಕು ಕೊಡಿ, ಹೊಡೆದು ಹಾಕ್ತೀವಿ ಅಂತ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ನಮ್ಮ ಮನೆಯಲ್ಲೇ ಆಗಿದೆಯಲ್ಲ. ಆದರೆ ಕತ್ತಲಲ್ಲಿ ನಾಲ್ಕು ಮಾರು ದೂರದಿಂದ ನುಗ್ಗುವ ಕರಡಿಗೆ ಗುರಿ ಇಡುವವರು ಯಾರು? ಅಲಾಸ್ಕಾದಲ್ಲೇ ನಡೆದ ಕರಡಿ ಮುಖಾಮುಖಿಗಳನ್ನು ಲೆಕ್ಕ ಹಾಕಿ 2008ರಲ್ಲಿ ಒಂದು ಅಧ್ಯಯನ ಬಂತು. ಮೆಣಸಿನಕಾಯಿಯ ಖಾರದಿಂದ ಮಾಡಿದ ಕರಡಿ ಸ್ಪ್ರೇ ಹೊಡೆದಾಗ ನೂರಕ್ಕೆ 92 ಸಲ ಕಂದು ಕರಡಿ ತನ್ನ ದಾಳಿಯನ್ನೋ ಕಾಟವನ್ನೋ ನಿಲ್ಲಿಸಿತ್ತು. ಅದೊಂದು ದೊಡ್ಡ ಡಬ್ಬಿ, ಮೋಡದ ಹಾಗೆ ಎರಚುತ್ತದೆ. ನಮ್ಮಲ್ಲಿ ಕೈಚೀಲದಲ್ಲಿ ಇಟ್ಟುಕೊಳ್ಳುವ ಚಿಕ್ಕ ಸ್ಪ್ರೇ ಅದಲ್ಲ. ಅದನ್ನು ನಂಬಿ ಬೆಟ್ಟ ಹತ್ತಬೇಡಿ.

1972ರ ವನ್ಯಜೀವಿ ಕಾನೂನಿನ ಪ್ರಕಾರ ನಮ್ಮಲ್ಲಿ ಬೇಟೆ ಆಡುವಂತಿಲ್ಲ. ಅದು ಹಾಗೇ ಇರಲಿ. ನಾನು ಕೇಳುವುದು ಬಂದೂಕಲ್ಲ, ಹಗಲು ಹೊತ್ತಿನ ಕರೆಂಟ್. ಬೆಟ್ಟದ ಬುಡದ ಹೊಲಗಳಿಗೆ ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ತ್ರೀ ಫೇಸ್ ಕೊಡಿ. ರೈತ ರಾತ್ರಿ ಎರಡು ಗಂಟೆಗೆ ಬದುವಿನ ಮೇಲೆ ಒಬ್ಬನೇ ನಡೆಯುವುದು ತಪ್ಪಲಿ. ದೊಡ್ಡಪ್ಪ ಸಾಹಸಕ್ಕೆ ಹೋದವರಲ್ಲ, ನೀರು ಹಾಯಿಸಲು ಹೋದವರು.

ಬೆಟ್ಟ ಹತ್ತುವವರಿಗೆ ನನ್ನ ಬೇಡಿಕೆ ಸಣ್ಣದು. ಅನುಮತಿ ಇರುವ ದಾರಿಯಲ್ಲಿ, ಅನುಮತಿ ಇರುವ ಹೊತ್ತಲ್ಲಿ ಹೋಗಿ. ಇಯರ್‌ಫೋನ್ ತೆಗೆದಿಡಿ. ಗುಂಪು ಬಿಟ್ಟು ಮುಂದೆ ಓಡಬೇಡಿ. ಫೋಟೊಗೆ ಅಂತ ಬಂಡೆ ಸಂದಿಗೆ ತಲೆ ಹಾಕಬೇಡಿ. ತಿಂದು ಉಳಿದ ಬಿರಿಯಾನಿ, ಹಣ್ಣಿನ ಸಿಪ್ಪೆ ಎಲ್ಲ ವಾಪಸ್ ತನ್ನಿ. ಆ ವಾಸನೆಗೆ ಕರಡಿ ದಾರಿಗೇ ಬರುವುದು ಕಲಿಯುತ್ತದೆ. ಎದುರಾದರೆ ಓಡಬೇಡಿ, ಅದು ನಿಮಗಿಂತ ಜೋರಾಗಿ ಓಡುತ್ತದೆ. ಮೈಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ ಮುಖ ನೆಲಕ್ಕೆ ಒತ್ತಿ, ಎರಡೂ ಕೈಯಿಂದ ಕತ್ತಿನ ಹಿಂಭಾಗ ಮುಚ್ಚಿಕೊಳ್ಳಿ.

ಇದೆಲ್ಲ ನಾನು ಹೇಳಿದರೆ ಮಗ ಕೇಳುತ್ತಾನೋ ಇಲ್ಲವೋ ಅಂತ ದೊಡ್ಡಪ್ಪನಿಗೆ ಫೋನ್ ಹಚ್ಚಿ ಅವನ ಕೈಗೆ ಕೊಟ್ಟೆ. ಅವರು ಹೋಗಬೇಡ ಅನ್ನಲಿಲ್ಲ. "ಬಿಸ್ಲು ಏರಿದ್ಮೇಲೆ ಹೋಗು ಮಗಾ. ಬಂಡೆ ತಿರುವು ಬಂದ್ರೆ ನಿಂತ್ಕೊಂಡು ಕೆಮ್ಮು. ಸ್ವಲ್ಪ ಹೊತ್ತು ಬಿಟ್ಟು ಮುಂದಕ್ಕೆ ಹೋಗು, ಅದು ಎದ್ದು ಹೋಗಕ್ಕೆ ಟೈಮ್ ಬೇಕಲ್ಲ" ಅಂದರು. ಮಗ ಗೆಳೆಯರಿಗೆ ಫೋನ್ ಮಾಡಿ ಹೊತ್ತು ಬದಲಿಸಿದ. ಸೂರ್ಯೋದಯ ಇಲ್ಲ ಅಂದಮೇಲೆ ಇಬ್ಬರು ಬರಲ್ಲ ಅಂದರು. ಉಳಿದ ಐವರು ಭಾನುವಾರ ಎಂಟು ಗಂಟೆಗೆ ಹತ್ತಲು ಶುರು ಮಾಡಿದರು.