ಗಾಂಜಾಕ್ಕಿರುವ ಪರೀಕ್ಷೆ ವೀಳ್ಯದೆಲೆಗೆ ಏಕಿಲ್ಲ?

ಮೈಸೂರಿನ ದೇವರಾಜ ಮಾರುಕಟ್ಟೆಯಿಂದ ಈಗಷ್ಟೇ ಬಂದೆ, ಸಿಟ್ಟು ಇನ್ನೂ ಇಳಿದಿಲ್ಲ. ವೀಳ್ಯದೆಲೆಯ ಕಟ್ಟು ಬಿಚ್ಚಿದರೆ ನರಗಳ ಗುಂಟ ಒಣಗಿದ ಬಿಳಿ ಕಲೆ, ಮೂಗಿಗೆ ಹಿಡಿದರೆ ಔಷಧಿಯ ಘಾಟು. ಕೇಳಿದ್ದಕ್ಕೆ, "ತೊಳೆದುಕೊಳ್ಳಿ ಸಾರ್, ಎಲ್ಲ ಹೋಗುತ್ತದೆ" ಎಂದರು ಅಂಗಡಿಯವರು. ಹೋಗುವುದಿಲ್ಲ! ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಔಷಧಿ ಎಲೆಯೊಳಗೇ ಇಳಿದಿರುತ್ತದೆ. ಅದು ನಲ್ಲಿ ನೀರಿಗೆ ಬಗ್ಗುವುದಲ್ಲ.

ನಾನು ಲ್ಯಾಬಿನಲ್ಲಿ ಕೆಲಸ ಮಾಡಿದವನು. ಹಾಗಾಗಿಯೇ ಹೊಟ್ಟೆ ಉರಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಗಾಂಜಾ ಮಾರಾಟಕ್ಕೆ ಕಾನೂನಿನ ಒಪ್ಪಿಗೆ ಇದೆ. ಆದರೆ ಅಲ್ಲಿ 2018ರಿಂದ ಪ್ರತಿ ಬ್ಯಾಚೂ ಅಂಗಡಿಗೆ ಹೋಗುವ ಮುನ್ನ ಪರೀಕ್ಷೆಯಲ್ಲಿ ಪಾಸಾಗಬೇಕು. ಹುಡುಕುವುದು 66 ಕೀಟನಾಶಕಗಳನ್ನು. ಬೆಳೆಗಾರ ತನಗೆ ಬೇಕಾದ ಮಾದರಿ ಆರಿಸಿ ಕೊಡುವಂತಿಲ್ಲ, ಲ್ಯಾಬಿನವರೇ ಬಂದು ತೆಗೆಯಬೇಕು. 66ರಲ್ಲಿ 21 ಔಷಧಿಗಳಂತೂ ಸುಳಿವು ಸಿಕ್ಕರೇ ಸಾಕು, ಆ ಬ್ಯಾಚು ಮಾರುಕಟ್ಟೆ ಕಾಣುವುದಿಲ್ಲ. ಕ್ಲೋರ್‌ಪೈರಿಫಾಸ್ ಆ ಪಟ್ಟಿಯಲ್ಲಿದೆ, ಫಿಪ್ರೊನಿಲ್ ಕೂಡ. ಎರಡೂ ನಮ್ಮ ಕಡೆಯ ಗೊಬ್ಬರದ ಅಂಗಡಿಯಲ್ಲಿ ಕೇಳಿದ ತಕ್ಷಣ ಸಿಗುವಂಥವು.

ಅದು ಸೇದುವುದು, ಇದು ಜಗಿಯುವುದು ಎನ್ನುತ್ತೀರಿ. ತಿನ್ನುವ ಗಾಂಜಾ ತಿನಿಸಿಗೂ ಅಲ್ಲಿ ಪರೀಕ್ಷೆ ಉಂಟು. ಅಲ್ಲೂ ಮೋಸ ನಡೆಯುತ್ತದೆ ಎನ್ನುತ್ತೀರಿ. ನಿಜ, 2018ರಲ್ಲೇ ಸ್ಯಾಕ್ರಮೆಂಟೋದ ಲ್ಯಾಬೊಂದು 22 ಕೀಟನಾಶಕಗಳ ಸುಳ್ಳು ಫಲಿತಾಂಶ ಬರೆದು ಸಿಕ್ಕಿಬಿದ್ದು ಲೈಸೆನ್ಸ್ ಒಪ್ಪಿಸಿತು. ಸುಳ್ಳು ಹಿಡಿಯುವುದಕ್ಕಾದರೂ ವರದಿ ಎಂಬುದೊಂದು ಇರಬೇಕಲ್ಲವೇ? ನಾನು ತಂದ ಕಟ್ಟಿನ ಹಿಂದೆ ಒಂದು ಚೂರು ಕಾಗದವಿಲ್ಲ, ಯಾವ ತೋಟದ್ದು, ಯಾವತ್ತು ಔಷಧಿ ಹೊಡೆದದ್ದು ಎಂದು ಹೇಳುವವರೂ ಇಲ್ಲ.

ಸರಕಾರ ಆಗಾಗ ಮಾದರಿ ಒಯ್ದು ನೋಡುತ್ತದೆ. ವರದಿ ಬರುವಷ್ಟರಲ್ಲಿ ಮಾಲು ಜನರ ಹೊಟ್ಟೆ ಸೇರಿರುತ್ತದೆ. ಆಹಾರ ಸಂಶೋಧನೆಗೆಂದೇ ಹುಟ್ಟಿದ ಸಿಎಫ್‌ಟಿಆರ್‌ಐ 1950ರಿಂದ ಇದೇ ಊರಿನಲ್ಲಿದೆ. ಮೈಸೂರು ವೀಳ್ಯದೆಲೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಬೇಯಿಸದೆ, ಹಸಿಯಾಗಿ ಬಾಯಿಗಿಡುವ ಎಲೆ ಇದು. ಮದುವೆ ಮನೆಯಲ್ಲಿ, ದೇವರ ಮುಂದೆ, ಬಾಣಂತಿಯ ತಟ್ಟೆಯಲ್ಲಿ ಇದೇ ಎಲೆ. ಆದರೂ ಮಾರುವ ಮುನ್ನ ಪರೀಕ್ಷೆ ಇಲ್ಲ.

ರೈತರನ್ನು ನಾನು ದೂರುತ್ತಿಲ್ಲ. ರೋಗ ಬಿದ್ದರೆ ಬಳ್ಳಿಯ ಜೊತೆ ಅವರ ಬದುಕೂ ಹೋಗುತ್ತದೆ. ಪರೀಕ್ಷೆಯ ಖರ್ಚನ್ನು ಅವರ ತಲೆಗೆ ಕಟ್ಟುವುದು ಅನ್ಯಾಯ, ಸರಕಾರವೇ ಭರಿಸಲಿ. ಆದರೆ ನನ್ನ ತಾಯಿಗೆ ಊಟವಾದ ಮೇಲೆ ಎರಡು ಎಲೆ ಬೇಕೇ ಬೇಕು, ಸುಣ್ಣ ಸವರಿ ಮಡಿಸಿಕೊಡುವವನು ನಾನು. ಹೆದರಿಕೆಯಾಗುತ್ತದೆ.

ಎಲೆ ತೋಟವಿರುವ ಗೆಳೆಯರು ಇಲ್ಲಿ ಇದ್ದೀರಿ. ನಿಮ್ಮಲ್ಲಿ ಯಾರಾದರೂ ಒಪ್ಪಿದರೆ ನಾನೇ ಬಂದು ಮಾದರಿ ತೆಗೆದು ಮಾನ್ಯತೆ ಪಡೆದ ಲ್ಯಾಬಿಗೆ ಕಳುಹಿಸುತ್ತೇನೆ, ಹಣ ನನ್ನದು. ವರದಿ ಹೇಗೇ ಬರಲಿ, ನಿಮ್ಮ ಹೆಸರು ಬಿಟ್ಟು ಇಲ್ಲೇ ಹಾಕುತ್ತೇನೆ.