ಸತ್ಯಾಂಶ: ಖಾಲಿ ಕೆಗ್‌ನಲ್ಲೂ (ಬಿಯರ್ ಪೀಪಾಯಿ) ಒತ್ತಡ ಇರುತ್ತದೆ

"ಬಿಯರ್ ಮುಗಿದ ಕೆಗ್‌ನಲ್ಲಿ ಏನೂ ಇರಲ್ಲ, ಲೋಹ ಕತ್ತರಿಸೋ ಗ್ರೈಂಡರ್‌ನಲ್ಲಿ ಮೇಲ್ಭಾಗ ಕತ್ತರಿಸಿ, ಕುದಿಸೋ ಹಂಡೆ ರೆಡಿ" ಅನ್ನೋ ಫಾರ್ವರ್ಡ್ ಅರ್ಧ ಸತ್ಯ. ಅಮೆರಿಕದ 15.5 ಗ್ಯಾಲನ್ (ಸುಮಾರು 59 ಲೀಟರ್) ಸ್ಟೀಲ್ ಕೆಗ್ ಒಳ್ಳೆ ಹಂಡೆಯೇ ಆಗುತ್ತದೆ. ಆದರೆ ಬಿಯರ್ ಖಾಲಿಯಾದರೂ ಇಂಗಾಲದ ಡೈಆಕ್ಸೈಡ್ ಒತ್ತಡದಲ್ಲಿ ಒಳಗೇ ಉಳಿದಿರುತ್ತದೆ. ಕತ್ತರಿಸುವ ಮುನ್ನ ಸುರಕ್ಷತಾ ಕನ್ನಡಕ ಹಾಕಿ, ಮುಖ ದೂರವಿಟ್ಟು, ವಾಲ್ವ್ ನಡುವಿನ ಗುಂಡನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ. 'ಸುಸ್' ಸದ್ದು ಪೂರ್ತಿ ನಿಲ್ಲಬೇಕು. ಆಮೇಲಷ್ಟೇ ವಾಲ್ವನ್ನು ಹಿಡಿದಿಟ್ಟಿರುವ ರಿಂಗ್ ತೆಗೆಯಿರಿ. ಅವಸರಪಟ್ಟರೆ ಒಳಗಿನ ಉದ್ದನೆ ಕೊಳವೆ ಬಾಣದಂತೆ ಚಿಮ್ಮುತ್ತದೆ, ಪ್ರಾಣಕ್ಕೇ ಕುತ್ತು.

"ಡೆಪಾಸಿಟ್ ಕಟ್ಟಿದ್ದೀವಿ, ಕೆಗ್ ನಮ್ಮದೇ" ಅನ್ನುವುದೂ ತಪ್ಪು. ಬಾಡಿಗೆ ಮನೆಗೆ ಅಡ್ವಾನ್ಸ್ ಕೊಟ್ಟರೆ ಮನೆ ನಮ್ಮದಾಗುತ್ತದೆಯೇ? ಕೆಗ್ ಬಿಯರ್ ತಯಾರಿಸುವ ಬ್ರೂವರಿಯದೇ. ಹಳೆಯದನ್ನು ಅವರೇ ಮಾರುವುದುಂಟು. ರಸೀದಿ ಸಮೇತ ಅದನ್ನೇ ಕೊಳ್ಳಿ.